ಹೊಂಗೆ ಕಟ್ಟೆಯವರು ಲೆಕ್ಕಕ್ಕಿಲ್ಲ

ಬಸ್ಸಿನ ವಿಷಯದಲ್ಲಿ ನನ್ನ ಹತ್ತಿರ ಯಾರೂ ಒಳ್ಳೆಯ ಮಾತಾಡಬೇಡಿ. ಕಿಟಕಿ ಪಕ್ಕದ ಸೀಟು, ಮುಖಕ್ಕೆ ಗಾಳಿ ಎಂದೆಲ್ಲ ಹೊಗಳುವವರು ವರ್ಷಕ್ಕೊಂದು ಮದುವೆಗೆ ಬಸ್ಸು ಹತ್ತುವವರು. ನಾನು ಹೊಳಲ್ಕೆರೆಗೆ ಹೋದವಳು, ಚಿತ್ರದುರ್ಗಕ್ಕೆ ಹೋದವಳು, ಆಮೇಲೆ ಹಿರಿಯೂರಿಗೆ ಹೋದವಳು. ದಿನಾ ಹೋದೆ, ದಿನಾ ಬಂದೆ. ಹನಿ ನೀರಾವರಿಯ ಪೈಪು, ಫಿಲ್ಟರು ಮಾರುವ, ಕೆಟ್ಟರೆ ರಿಪೇರಿ ಮಾಡಿಕೊಡುವ ಕಂಪನಿಯೊಂದರಲ್ಲಿ ನನಗೆ ಗುಮಾಸ್ತೆಯ ಕೆಲಸ. ಯಾವ ಊರಿನಲ್ಲಿ ಸೇವಾ ಕೇಂದ್ರ ತೆರೆದರೂ ರೇಣುಕಾನ ಕಳಿಸಿ, ಅವಳು ಎದುರು ಮಾತಾಡುವುದಿಲ್ಲ ಎಂದು ಕಳಿಸುತ್ತಿದ್ದರು. ನಾನು ಎದುರು ಮಾತಾಡದೆ ಇದ್ದದ್ದು ಒಳ್ಳೆಯತನಕ್ಕಲ್ಲ, ಸುಸ್ತಿಗೆ. ಬಸ್ಸಿನಿಂದ ಇಳಿದವಳಿಗೆ ಜಗಳ ಆಡಲು ತ್ರಾಣ ಎಲ್ಲಿರುತ್ತದೆ?

ಕಂಬಿ ಹಿಡಿದು ನಿಂತು ನಿಂತು ನನ್ನ ಬಲಗೈ ಎಡಗೈಗಿಂತ ಉದ್ದವಾಗಿದೆ ಎಂದು ನಮ್ಮ ಯಜಮಾನರು ಗೇಲಿ ಮಾಡುತ್ತಾರೆ. ಅವರ ಹೆಸರು ಹಾಲಸ್ವಾಮಿ. ಶ್ರೀರಾಂಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಮೈಯೆಲ್ಲ ಬಿಳಿ, ನಾಲಿಗೆ ಮಾತ್ರ ಮೆಣಸಿನಕಾಯಿ.

ಎರಡು ವರ್ಷದ ಹಿಂದೆ ದೇವರು ಕಣ್ಣು ಬಿಟ್ಟ. ಕಂಪನಿಯವರು ಶ್ರೀರಾಂಪುರದಲ್ಲೇ ಒಂದು ಕೇಂದ್ರ ತೆರೆದರು, ಬಸ್ ನಿಲ್ದಾಣದ ಎದುರಿಗೆ. ನಮ್ಮ ಮನೆ ಅದರ ಹಿಂದಿನ ಬೀದಿಯಲ್ಲಿ. ಮಧ್ಯಾಹ್ನವಾದರೆ ಎದ್ದು ಮನೆಗೆ ಹೋಗುತ್ತೇನೆ. ಯಜಮಾನರು ಗಿರಣಿ ನಿಲ್ಲಿಸಿ ಬಂದು ಮುದ್ದೆ ತೊಳಸಿ ಇಟ್ಟಿರುತ್ತಾರೆ. ಹೊಗೆಯಾಡುವ ಮುದ್ದೆ, ಹೊಗೆಯಾಡುವ ಸಾರು. ಮೊದಲ ದಿನ ಕೈ ಸುಟ್ಟುಕೊಂಡು ನಕ್ಕೆ, ಆಮೇಲೆ ಅತ್ತೆ. ಇಪ್ಪತ್ತೈದು ವರ್ಷ ಡಬ್ಬಿಯಲ್ಲಿ ತಣ್ಣಗೆ ಗಟ್ಟಿಯಾದದ್ದನ್ನೇ ತಿಂದ ಬಾಯಿ ಅದು. ಆ ಸ್ಟೀಲ್ ಡಬ್ಬಿಯನ್ನು ಯಜಮಾನರಿಗೆ ಕೊಟ್ಟೆ, ಗಿರಣಿಯಲ್ಲಿ ಮೊಳೆ, ನಟ್ಟು, ಬೋಲ್ಟು ಹಾಕಿಕೊಳ್ಳಿ ಎಂದೆ. ಇನ್ನು ನಿವೃತ್ತಿಯವರೆಗೆ ಬಸ್ಸಿನ ಮೆಟ್ಟಿಲು ತುಳಿಯುವುದಿಲ್ಲ ಎಂದು ಮನೆದೇವರ ಮುಂದೆ ಹೇಳಿಕೊಂಡೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಕೇಂದ್ರದಲ್ಲಿ ನಾವು ಮೂವರು. ಮೇಲ್ವಿಚಾರಕರು ಪಂಚಾಕ್ಷರಪ್ಪ, ಜವನಗೊಂಡನಹಳ್ಳಿ ಕಡೆಯವರು, ಇಲ್ಲೇ ರೂಮು ಮಾಡಿಕೊಂಡಿದ್ದಾರೆ. ಕಸ ಗುಡಿಸಿ, ಚಾ ಕೊಟ್ಟು, ಬಂದವರನ್ನು ವಿಚಾರಿಸಿಕೊಳ್ಳುವುದು ಕಾಳಕ್ಕ. ಮೂರನೆಯವಳು ನಾನು. ಒಳಗೆ ಕಂಪನಿಯವರು ಬಿಳೀ ಟೈಲ್ಸು ಹಾಕಿಸಿ, ಗಾಜಿನ ಬಾಗಿಲು ಇಡಿಸಿ, ಗುಂಡಿ ಒತ್ತಿದರೆ ಬಣ್ಣ ಬದಲಾಗುವ ದೀಪ ಹಾಕಿಸಿದ್ದರು. ಆದರೆ ಕೆಲಸ ನಡೆಯುತ್ತಿದ್ದದ್ದು ಹೊರಗೆ, ಹೊಂಗೆ ಮರದ ಕಟ್ಟೆಯ ಮೇಲೆ. ಪಂಚಾಕ್ಷರಪ್ಪನವರ ಮೇಜೇ ಅಲ್ಲಿತ್ತು. ಬಂದ ರೈತರು ಕೆಸರು ಮೆತ್ತಿದ ಪೈಪಿನ ಸುರುಳಿ, ಉಪ್ಪು ಕಟ್ಟಿದ ಫಿಲ್ಟರು ತಂದು ಕಟ್ಟೆಯ ಮೇಲೆ ಹರಡಿಕೊಂಡು ಕೂರುವರು. ಅಲ್ಲೇ ಬಿಚ್ಚುವುದು, ಅಲ್ಲೇ ತೊಳೆಯುವುದು, ಅಲ್ಲೇ ತೋಟದ ಕಥೆ, ಬೋರಿನ ಕಥೆ, ಬೀಗರ ಕಥೆ. ನಾನು ಅಲ್ಲೇ ದೂರು ಬರೆದುಕೊಂಡು, ಸಂಜೆ ಒಳಗೆ ಹೋಗಿ ಕಂಪ್ಯೂಟರಿಗೆ ಹಾಕಿ ಬರುತ್ತಿದ್ದೆ. ಒಳಗೆ ಕೂರುವ ಪ್ರಮೇಯವೇ ಇರಲಿಲ್ಲ.

ಹೀಗಿರುವಾಗ ಯುಗಾದಿ ಕಳೆದ ಮೇಲೆ ಬಸವೇಶ್ ಎಂಬ ಎಂಜಿನಿಯರ್ ಚಿತ್ರದುರ್ಗದ ಮುಖ್ಯ ಕಚೇರಿಯಿಂದ ಬಂದ. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಬಂದವನೇ ಒಳಗೆ ಹೋಗಿ ಫ್ಯಾನು, ದೀಪ, ಪ್ರಿಂಟರು, ಚಾ ಕಾಯಿಸುವ ಕೆಟಲ್ಲು, ವೈಫೈ ಡಬ್ಬಿ ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೆ ಗಂಟು ಹಾಕಿದ.

"ಹೊಸ ಮಿಷನ್ನು ಏನೂ ಇಲ್ಲ ಮೇಡಂ. ಇರೋ ಸಾಮಾನಿಂದಾನೇ ಆಫೀಸಲ್ಲಿ ಎಷ್ಟು ಜನ ಅವ್ರೆ ಅಂತ ಗೊತ್ತಾಗ್ತತೆ," ಎಂದ. "ಫೋನು ನಮ್ಮ ವೈಫೈ ಹಿಡಿದ್ರೆ ಒಬ್ರು ಬಂದಂಗೆ. ಫ್ಯಾನು ತಿರುಗಿದ್ರೆ ಕೆಳಗೆ ಯಾರೋ ಕುಂತಂಗೆ. ಕೆಟಲ್ ಕಾದ್ರೆ ಚಾ ಕುಡಿಯೋರು ಅವ್ರೆ ಅಂತ."

ಕಾಳಕ್ಕ ಪೊರಕೆ ಹಿಡಿದು ಅವನನ್ನೇ ನೋಡುತ್ತಿದ್ದಳು. "ನಾವು ಕೆಮ್ಮಿದ್ರೂ ದುರ್ಗಕ್ಕೆ ಕೇಳಿಸ್ತತೇನಪ್ಪ?"

"ಇಲ್ಲಕ್ಕ. ಮೈಕಿಲ್ಲ, ಕ್ಯಾಮೆರಾ ಇಲ್ಲ. ಯಾರು ಅಂತಾನೂ ಬರಲ್ಲ, ಎಷ್ಟು ಜನ ಅಂತ ಅಷ್ಟೇ."

"ಎಷ್ಟು ಜನ ಅಂತ ತಿಳ್ಕಳಾಕೆ ಇಷ್ಟೆಲ್ಲ ಯಾಕೆ? ಫೋನ್ ಮಾಡಿ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ," ಎಂದು ಕಾಳಕ್ಕ ಮತ್ತೆ ಗುಡಿಸಲು ಹತ್ತಿದಳು.

ಹೊರಡುವಾಗ ಬಸವೇಶ್ ದನಿ ತಗ್ಗಿಸಿ ನನಗೂ ಪಂಚಾಕ್ಷರಪ್ಪನವರಿಗೂ ಹೇಳಿದ. ಮಳೆಗಾಲ ಮುಗಿಯುವವರೆಗೆ ನೋಡುತ್ತಾರಂತೆ. ಯಾವ ಕೇಂದ್ರ ಖಾಲಿ ಬಿದ್ದಿದೆಯೋ ಅದನ್ನು ಮುಚ್ಚಿ, ಅಲ್ಲಿಯವರನ್ನು ಹಿರಿಯೂರಿನ ದೊಡ್ಡ ಕೇಂದ್ರಕ್ಕೆ ಸೇರಿಸುತ್ತಾರಂತೆ. ಹಿರಿಯೂರು ಎಂದ ಕೂಡಲೇ ನನ್ನ ಬಲಗೈ ತಾನಾಗಿಯೇ ನೋಯತೊಡಗಿತು. ಹೊಸದುರ್ಗದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಬರುವಾಗಲೂ ಅಷ್ಟೇ. ನನ್ನಿಂದ ಆಗುವುದಿಲ್ಲ ತಂದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೊದಲ ವರದಿ ಬಂದ ದಿನ ಕಟ್ಟೆಯ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಮುಂಗಾರು ಕೈಕೊಟ್ಟು ಎಲ್ಲರೂ ಡ್ರಿಪ್ಪನ್ನೇ ನಂಬಿಕೊಂಡಿದ್ದ ಕಾಲ. ಪಂಚಾಕ್ಷರಪ್ಪ ಆ ಗದ್ದಲದ ನಡುವೆ ಕನ್ನಡಕ ಏರಿಸಿ ಫೋನು ನೋಡಿದರು. "ಶ್ರೀರಾಂಪುರ ಕೇಂದ್ರ, ಬಹುತೇಕ ಖಾಲಿ," ಎಂದು ಓದಿದರು. ಪಕ್ಕದಲ್ಲಿದ್ದ ರೈತರೊಬ್ಬರ ಕೈಯಿಂದ ಫಿಲ್ಟರು ಜಾರಿ ಪಂಚಾಕ್ಷರಪ್ಪನವರ ಕಾಲ ಮೇಲೆ ಬಿತ್ತು. ಅಯ್ಯಯ್ಯಪ್ಪ ಎಂದು ಅವರು ಕುಂಟುತ್ತಾ ಕುಣಿಯುವುದು, ನಾನು ಕೋಪಕ್ಕೆ ಪೆನ್ನು ಕಚ್ಚುವುದು, ಎಲ್ಲ ಆ ಖಾಲಿ ಕೇಂದ್ರದಲ್ಲೇ ನಡೆಯಿತು.

"ತಪ್ಪು ನಮ್ದೇ," ಎಂದರು ಆಮೇಲೆ. "ಜನಾನ ಒಳಗೆ ಕುಂದ್ರಿಸಬೇಕು."

ಮರುದಿನ ಮೇಜು ಒಳಗೆ ಹೋಯಿತು. ನಾನು ಗಾಜಿನ ಬಾಗಿಲು ತೆರೆದು ನಿಂತೆ. ಮೊದಲು ಬಂದವರು ಇಲ್ಲೇ ಪಕ್ಕದ ಹಳ್ಳಿಯ ಚಿತ್ರಲಿಂಗಪ್ಪ. ದಾಳಿಂಬೆ ತೋಟದವರು, ವಯಸ್ಸಾದವರು, ಮಂಡಿ ನೋವು ಬೇರೆ. ಹೆಗಲ ಮೇಲೆ ಪೈಪಿನ ಸುರುಳಿ ಹೊತ್ತುಕೊಂಡೇ ಹೊಸ್ತಿಲ ಹೊರಗೆ ನಿಂತುಬಿಟ್ಟರು.

"ಒಳಗೆ ಬರ್ರಿ ಗೌಡ್ರೇ, ಕುಂತ್ಕಳ್ರಿ."

"ಅಯ್ಯೋ, ನಿಮ್ಮ ನೆಲ ಕನ್ನಡಿ ಇದ್ದಂಗೈತಲ್ಲ ತಾಯಿ. ನನ್ನ ಕಾಲು ನೋಡ್ರಿ."

"ಕಾಲಿಗೇನಾಗೈತೆ? ಬರ್ರಿ."

"ಕಾಳಕ್ಕ ಈಗಿನ್ನ ಸಾರಿಸ್ಯಾಳೆ. ಸಾರಿಸಿದ ನೆಲ ತುಳೀಬಾರ್ದಮ್ಮ."

ಬಲವಂತ ಮಾಡಿ ಅವರನ್ನೂ ಇನ್ನು ನಾಲ್ಕು ಜನರನ್ನೂ ಕರೆತಂದೆವು. ಚಪ್ಪಲಿ ಹೊರಗೆ ಬಿಟ್ಟು, ಪೈಪು ಹೊರಗೆ ಬಿಟ್ಟು, ಗೋಡೆಗೆ ಒರಗದೆ, ಹೆಣ್ಣು ನೋಡಲು ಬಂದವರಂತೆ ಸಾಲಾಗಿ ಕೂತರು. ಪೈಪಿನ ಮಾತೇ ಎತ್ತಲಿಲ್ಲ. ಫ್ಯಾನು ಹಾಕಿದರೆ ಥಂಡಿ ಆಗುತ್ತದೆ, ಆರಿಸಿ ಎಂದರು. ಕಾಳಕ್ಕ ಎಂದಿನಂತೆ ತನ್ನ ಮನೆಯಿಂದ ಚಾ ಮಾಡಿ ತಂದಳು. ಕೆಟಲ್ಲಿನ ಚಾ ಅವಳಿಗೆ ಕಾಯಿಲೆಯವರ ಗಂಜಿ ಇದ್ದಂತೆ. ಚಾ ಕುಡಿದು, ಲೋಟ ತೊಳೆದಿಟ್ಟು, ಐವರೂ ಎದ್ದು ಕಟ್ಟೆಗೆ ಹೋಗಿ ಅಲ್ಲಿಂದ ಕೂಗಿದರು: "ರೇಣುಕಮ್ಮಾರೇ, ಈಗ ಬರ್ರಿ, ಪೈಪಿನ ವಿಷ್ಯ ಮಾತಾಡಾಣ!"

ಸರಿ, ಖಾಲಿ ಕೋಣೆಯಲ್ಲಿ ಫ್ಯಾನುಗಳನ್ನಾದರೂ ತಿರುಗಲು ಬಿಡೋಣ ಎಂದುಕೊಂಡೆವು. ನಾನು ಹಾಕಿ ಬರುವುದು, ಕಾಳಕ್ಕ ಹೋಗಿ ಆರಿಸುವುದು. ಯಾರೂ ಇಲ್ಲದ ಕಡೆ ಫ್ಯಾನು ತಿರುಗುವುದು ಅವಳಿಗೆ ಸಹಿಸದು. ಅವಳನ್ನೇನು ಬೈಯಲಿ? ಬೇಡ ಬೇಡ ಎಂದುಕೊಂಡೇ ನಾನೂ ಕುರ್ಚಿಯಿಂದ ಎದ್ದ ಕೂಡಲೇ ಸ್ವಿಚ್ಚಿಗೆ ಕೈ ಹಾಕುತ್ತಿದ್ದೆ. ನಮ್ಮ ಅವ್ವಂದಿರು ಕೈಗೆ ಹೊಡೆದು ಕಲಿಸಿದ್ದು, ಕಂಪನಿಯವರು ಹೇಳಿದರೆ ಹೋಗುತ್ತದೆಯೇ? ಎರಡನೆಯ ವರದಿಯಲ್ಲೂ ನಾವು ಖಾಲಿಯೇ ಇದ್ದೆವು.

ಆಗ ನನಗೆ ಉಪಾಯ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮೇಲೆ ಕೂತವರ ಜೇಬಿನಲ್ಲೂ ಫೋನು ಇದೆ. ವೈಫೈ ಕಟ್ಟೆಯವರೆಗೆ, ಅದರಾಚೆ ನಿಲ್ದಾಣದವರೆಗೂ ಬರುತ್ತದೆ. ಪಾಸ್‌ವರ್ಡ್ ಕೊಟ್ಟರಾಯಿತು. ಅವರು ನಮ್ಮ ಗಿರಾಕಿಗಳೇ, ನಮ್ಮ ಕೆಲಸಕ್ಕೇ ಬಂದವರು. ಇದರಲ್ಲಿ ಸುಳ್ಳೇನಿದೆ?

"ಸುಳ್ಳಿಲ್ಲ," ಎಂದರು ಪಂಚಾಕ್ಷರಪ್ಪ. "ಆದ್ರೂ ಯಾಕೋ ಕಳ್ಳತನ ಮಾಡ್ದಂಗೆ ಅನ್ನಿಸ್ತತೆ."

"ಸಾರ್, ನಿಮಗೆ ಇನ್ನು ಒಂದೂವರೆ ವರ್ಷ. ನಾನು ಇನ್ನೂ ಎಂಟು ವರ್ಷ ಕಂಬಿ ಹಿಡ್ಕೊಂಡು ನಿಲ್ಬೇಕು," ಎಂದೆ. ಅವರು ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟರು.

ಪಾಸ್‌ವರ್ಡ್ ಹಂಚುವ ಕೆಲಸವನ್ನು ಕಾಳಕ್ಕನಿಗೆ ಒಪ್ಪಿಸಿದೆ. ಅದೇ ಎಡವಟ್ಟಾಯಿತು. ನೀರು ಕೇಳಿದವರಿಗೆ ಇಲ್ಲ ಎನ್ನಬಾರದು ಎಂದು ಬೆಳೆದವಳು ಅವಳು. ಅವಳ ಪಾಲಿಗೆ ವೈಫೈಯೂ ನೀರೇ. ಕಟ್ಟೆಯವರಿಗೆ ಕೊಟ್ಟಳು. ಕಟ್ಟೆಯವರನ್ನು ನೋಡಿ ನಿಲ್ದಾಣದಲ್ಲಿ ಕಾಯುವವರು ಕೇಳಿದರು, ಅವರಿಗೂ ಕೊಟ್ಟಳು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಕಾಲೇಜು ಮಕ್ಕಳು ಬಂದರು, ಹೂ ಮಾರುವವರು ಬಂದರು, ಹುಳಿಯಾರು ಬಸ್ಸಿನ ಕಂಡಕ್ಟರು ಬಸ್ಸಿನಲ್ಲಿ ಕೂತೇ ಹಿಡಿದುಕೊಂಡ. ನಮ್ಮ ಯಜಮಾನರೂ ಗಿರಣಿ ನಿಲ್ಲಿಸಿದ ಹೊತ್ತಿನಲ್ಲಿ ಬಂದು ಗೋಡೆಗೆ ಒರಗಿ ಕುಸ್ತಿ ನೋಡತೊಡಗಿದರು.

"ಏನ್ರೀ, ನೀವೂ ನಮ್ಮ ಸಿಬ್ಬಂದಿನಾ?" ಎಂದೆ.

"ನಿನ್ನ ಮುದ್ದೆ ಉಳಿಸಾಕೆ ಬಂದೀನಿ ಕಣೇ," ಎಂದರು.

ಮೂರನೆಯ ವರದಿ ಬರುವವರೆಗಿನ ಆ ದಿನಗಳಲ್ಲಿ ನಾನು ನಿಜವಾಗಿಯೂ ಸುಖವಾಗಿದ್ದೆ. ಪಂಚಾಕ್ಷರಪ್ಪ ಆಗಾಗ ಫೋನಿನಲ್ಲಿ ನೋಡಿ, ಇವತ್ತು ತುಂಬೈತೆ ಎನ್ನುತ್ತಿದ್ದರು. ನಾನು ಮಧ್ಯಾಹ್ನ ಮನೆಗೆ ಹೋಗಿ ಬಿಸಿ ಮುದ್ದೆ ನುಂಗಿ, ಒಂದು ಗಳಿಗೆ ಅಡ್ಡಾಗಿ, ಬರುತ್ತಿದ್ದೆ. ಶ್ರಾವಣದ ಸೋಮವಾರಗಳೂ ನೆಮ್ಮದಿಯಿಂದ ಕಳೆದವು. ಇಷ್ಟು ಸಣ್ಣ ಸುಖಕ್ಕೆ ಯಾರ ಕಣ್ಣು ಬೀಳುತ್ತದೆ ಎಂದುಕೊಂಡಿದ್ದೆ.

ಗೌರಿ ಹಬ್ಬದ ಮುಂದಿನ ವಾರ ಬಸವೇಶ್ ಮತ್ತೆ ಬಂದ. ಮುಖದಲ್ಲಿ ನಗು ಇತ್ತು, ಕೈಯಲ್ಲಿ ಪೇಡೆಯ ಪೊಟ್ಟಣವೂ ಇತ್ತು. ಕಟ್ಟೆಯ ಮೇಲೆ ನಮ್ಮ ಪಕ್ಕದಲ್ಲೇ ಕೂತ.

"ಇಡೀ ಜಿಲ್ಲೆಗೇ ನೀವು ಫಸ್ಟು ಸಾರ್! ಈ ಪುಟಾಣಿ ಆಫೀಸಲ್ಲಿ ಎಪ್ಪತ್ತು, ಎಂಬತ್ತು ಜನ. ದುರ್ಗದಾಗೆ ಎಲ್ಲಾರೂ ಬಾಯಿ ಮೇಲೆ ಬೆರಳು ಇಟ್ಕಂಡವ್ರೆ."

ಪಂಚಾಕ್ಷರಪ್ಪ ನನ್ನ ಮುಖ ನೋಡಿದರು. ನಾನು ಪೇಡೆ ಬಾಯಿಗೆ ಹಾಕಿಕೊಂಡೆ.

"ಅದಕ್ಕೇ ಈ ಜಾಗ ಸಾಲಲ್ಲ ಅಂತ ತೀರ್ಮಾನ ಮಾಡವ್ರೆ," ಎಂದ ಬಸವೇಶ್. "ಇಷ್ಟು ಜನಾನ ಇಷ್ಟು ಸಣ್ಣ ಕೋಣೆಯಾಗೆ ತುಂಬೋದು ಅಪಾಯ ಅಂತೆ. ದೀಪಾವಳಿ ಹೊತ್ತಿಗೆ ಎಲ್ಲಾನೂ ದೊಡ್ಡ ಕಟ್ಟಡಕ್ಕೆ ಶಿಫ್ಟು. ಹಿರಿಯೂರಿಗೆ."

ಪೇಡೆ ನೆತ್ತಿಗೇರಿ ಕೆಮ್ಮಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಕಾಳಕ್ಕ ನೀರು ತಂದುಕೊಟ್ಟಳು. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ, ಖುಷಿಯಿಂದ ಕಟ್ಟೆಯವರಿಗೆಲ್ಲ ಪೇಡೆ ಹಂಚುತ್ತಿದ್ದಳು.

ಇನ್ನು ಮುಚ್ಚಿಡುವುದೇನು ಎಂದು ನಾನೇ ಬಾಯಿ ಬಿಟ್ಟೆ. ಪಾಸ್‌ವರ್ಡ್ ಕೊಟ್ಟದ್ದು, ನಿಲ್ದಾಣದವರು ಹಿಡಿದದ್ದು, ಎಲ್ಲವನ್ನೂ ಹೇಳಿದೆ. "ಒಳಗೆ ಎಂಬತ್ತು ಜನ ಇಲ್ಲಪ್ಪ. ಒಳಗೆ ಯಾರೂ ಇಲ್ಲ. ಇರೋರೆಲ್ಲ ಇಲ್ಲಿ ಅವ್ರೆ. ಇಕಾ, ನಿನ್ನ ಕಣ್ಣಿಂದಾನೇ ನೋಡು, ನೀನೇ ಎಣಿಸು."

ಬಸವೇಶ್ ಕಟ್ಟೆಯ ಸುತ್ತ ನೋಡಿದ. ಒಬ್ಬರು ಫಿಲ್ಟರಿನ ಜಾಲರಿ ಉಜ್ಜುತ್ತಿದ್ದರು. ಇಬ್ಬರು ಒಂದೇ ಪೈಪಿನ ಎರಡು ತುದಿ ಹಿಡಿದು ಊದಿ ನೋಡುತ್ತಿದ್ದರು. ಚಿತ್ರಲಿಂಗಪ್ಪ ತಮ್ಮ ಸರದಿಗೆ ಕಾಯುತ್ತಾ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, ಪೇಡೆ ಚಪ್ಪರಿಸುತ್ತಿದ್ದರು. ಬಸವೇಶನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೂ ಕೂಗಾಡಲು ಒಂದು ನೆಪವಾಗುತ್ತಿತ್ತು. ಫೋನು ಹಿಡಿದು ಮರದ ಆಚೆ ಹೋಗಿ ಚಿತ್ರದುರ್ಗಕ್ಕೆ ಬಹಳ ಹೊತ್ತು ಮಾತಾಡಿದ. ವಾಪಸು ಬಂದಾಗ ನಗು ಇರಲಿಲ್ಲ.

"ಹೊರಗಿರೋರು ಲೆಕ್ಕಕ್ಕಿಲ್ವಂತೆ ಮೇಡಂ. ಬಾಡಿಗೆ ಕೊಡೋದು ಕೋಣೆಗೆ, ಕಟ್ಟೆಗಲ್ಲ ಅಂದ್ರು."

"ಹಂಗಾದ್ರೆ?"

"ಹಂಗಾದ್ರೆ ಒಳಗೆ ಖಾಲಿ ಐತೆ ಅಂತ ಬರೀಬೇಕು. ಖಾಲಿ ಇದ್ರೆ ಮುಚ್ಚಿ ಹಿರಿಯೂರಿಗೆ ಸೇರಿಸ್ತಾರೆ. ನೀವು ಹೇಳಿದ್ದು ನಾನು ಬರೆಯಲ್ಲ ಬಿಡ್ರಿ, ಪಂಚಾಕ್ಷರಪ್ಪ ಸಾರ್ ಪೆನ್ಷನ್ನಿಗೆ ತೊಂದ್ರೆ ಆದೀತು. ತುಂಬೈತೆ ಅಂತಾನೇ ಇರ್ಲಿ. ಮರ್ಯಾದೆಯಿಂದ ಹೋಗ್ತೀರಿ."

"ಖಾಲಿ ಅಂದ್ರೂ ಹಿರಿಯೂರು, ತುಂಬೈತೆ ಅಂದ್ರೂ ಹಿರಿಯೂರು," ಎಂದೆ. "ಮತ್ತೆ ಎಣಿಸಿದ್ದು ಯಾಕಪ್ಪ?"

ಅವನು ತಲೆ ತಗ್ಗಿಸಿ, ಬೂಟಿನ ಲೇಸು ಕಟ್ಟಿಕೊಂಡ. ಅದು ಬಿಚ್ಚಿರಲೇ ಇಲ್ಲ. ನನಗೆ ಅಳುವೂ ಬರಲಿಲ್ಲ, ಬೈಯುವಷ್ಟು ಉಸಿರೂ ಇರಲಿಲ್ಲ. ಮನೆಗೆ ಹೋದೆ. ಹಿರಿಯೂರು ಎಂದೆ. ಯಜಮಾನರು ಮುದ್ದೆ ಬಡಿಸಿದರು. ಊಟವಾದ ಮೇಲೆ ಗಿರಣಿಗೆ ಹೋಗಿ, ಸಂಜೆ ಬರುವಾಗ ಆ ಸ್ಟೀಲ್ ಡಬ್ಬಿ ತಂದು ಬಚ್ಚಲಲ್ಲಿ ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತರು. ತುಕ್ಕಿನ ಕಲೆ ಪೂರ್ತಿ ಹೋಗಲಿಲ್ಲ.

ದೀಪಾವಳಿ ಕಳೆದ ಸೋಮವಾರ ಲಾರಿ ಬಂದು ಮೇಜು, ಕುರ್ಚಿ, ಕಂಪ್ಯೂಟರು ಹೊತ್ತುಕೊಂಡು ಹೋಯಿತು. ಪಂಚಾಕ್ಷರಪ್ಪ ಲಾರಿಯಲ್ಲೇ ಹೋದರು. ಕೋಣೆಯ ಬಾಡಿಗೆ ತಿಂಗಳ ಕೊನೆಯವರೆಗೆ ಇದ್ದದ್ದರಿಂದ ಬೀಗದ ಕೈ ಕಾಳಕ್ಕನ ಹತ್ತಿರ ಉಳಿಯಿತು. ಅವಳ ಕೆಲಸವೂ ಅಲ್ಲಿಯವರೆಗೆ ಮಾತ್ರ. ಹಿರಿಯೂರಿನಲ್ಲಿ ಗುಡಿಸಲು ಬೇರೆಯವರಿದ್ದಾರಂತೆ. ಅವಳು, ನಂಗೇನ್ ಬಿಡ್ರಿ, ಯಾರ ತೋಟದಾಗಾದ್ರೂ ಕೂಲಿ ಸಿಗ್ತತೆ ಎಂದಳು. ವೈಫೈ ಡಬ್ಬಿ ಬಿಚ್ಚಲು ಯಾರಿಗೂ ನೆನಪಾಗಿರಲಿಲ್ಲ, ಅವಳೂ ಆರಿಸಿರಲಿಲ್ಲ. ಮಕ್ಕಳು ಕೇಳ್ತವೆ, ಹೆಂಗ್ ಇಲ್ಲ ಅನ್ನಲಿ ಎಂದಳು.

ಮರುದಿನ ಬೆಳಿಗ್ಗೆ ನಾನು ಬಸ್ಸು ಹತ್ತಿದೆ. ಯಜಮಾನರು ನಿಲ್ದಾಣದವರೆಗೆ ಬಂದು, ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಕೈಗೆ ಕೊಟ್ಟರು. ಬಿಸಿ ಇರ್ತತೆ ನೋಡು ಎಂದರು. ಗೇಲಿ ಮಾಡಲಿಲ್ಲ. ಪುಣ್ಯಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬ್ಯಾಗಿನಲ್ಲಿದ್ದ ಫೋನು ಟಿಣ್ ಎಂದಿತು. ತೆಗೆದು ನೋಡಿದರೆ, ರಸ್ತೆಯ ಆಚೆ ಬೀಗ ಹಾಕಿದ ಕೋಣೆಯ ವೈಫೈಯನ್ನು ತನ್ನ ಪಾಡಿಗೆ ತಾನು ಹಿಡಿದುಕೊಂಡಿತ್ತು. ಚಿತ್ರದುರ್ಗದಲ್ಲಿ ಯಾರಾದರೂ ಆ ಹೊತ್ತಿಗೆ ನೋಡಿದ್ದರೆ, ಶ್ರೀರಾಂಪುರದ ಆಫೀಸಿನಲ್ಲಿ ಕೂತವರ ಲೆಕ್ಕದಲ್ಲಿ ನಾನೂ ಒಬ್ಬಳಾಗಿದ್ದೆ. ಇಳಿದು ಹೋಗಿ ಕೂತುಬಿಡಲೇ ಎನ್ನಿಸಿತು. ಫೋನು ಬ್ಯಾಗಿಗೆ ಹಾಕಿದೆ.

ಕಟ್ಟೆಯ ಮೇಲೆ ಆಗಲೇ ಜನ ಸೇರಿದ್ದರು. ಮೇಜು ಇಲ್ಲದ್ದು ಅವರಿಗೆ ದೊಡ್ಡ ವಿಷಯವಾಗಿ ಕಂಡಿರಲಿಲ್ಲ. ಕಾಳಕ್ಕ ಚಾ ಕೊಡುತ್ತಿದ್ದಳು. ಚಿತ್ರಲಿಂಗಪ್ಪ ಪೈಪಿನ ಸುರುಳಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದವರು ನನ್ನನ್ನು ಬಸ್ಸಿನಲ್ಲಿ ಕಂಡು ಎದ್ದರು. ಮಂಡಿ ಹಿಡಿದುಕೊಂಡು ರಸ್ತೆ ದಾಟಿ ಕಿಟಕಿಯ ಕೆಳಗೆ ಬಂದರು.

"ರೇಣುಕಮ್ಮಾರೇ, ಎಲ್ಲಿಗೆ ಹೊಂಟ್ರಿ? ನಾವು ಇಲ್ಲಿ ಬಂದು ಕುಂತೀವಲ್ಲ!"

"ಆಫೀಸು ಹಿರಿಯೂರಿಗೆ ಹೋಯ್ತು ಗೌಡ್ರೇ. ಇನ್ಮೇಲೆ ಅಲ್ಲಿಗೇ ಬರ್ಬೇಕು."

"ಯಾಕಮ್ಮ, ಏನಾಯ್ತು?"

"ಜನ ಜಾಸ್ತಿ ಆದ್ರು ಅಂತ."

ಅವರು ತಿರುಗಿ ಕಟ್ಟೆಯ ಕಡೆ ನೋಡಿದರು. ಮತ್ತೆ ನನ್ನ ಕಡೆ ನೋಡಿದರು. ಡ್ರೈವರು ಗಾಡಿ ಚಾಲೂ ಮಾಡಿದ. ಚಿತ್ರಲಿಂಗಪ್ಪ ಕಿಟಕಿಯ ಕಂಬಿ ಹಿಡಿದುಕೊಂಡರು.

"ಹಿರಿಯೂರಾ? ಈ ಪೈಪು ಹೊತ್ಕಂಡು ಬಸ್ಸು ಹತ್ತಿ ಇಳಿದು ಅಷ್ಟು ದೂರ ಹೆಂಗಮ್ಮ ಬರ್ಲಿ? ನನ್ನ ಕೈಯಾಗೆ ಆಗಲ್ಲ ತಾಯಿ."

ಮಳೆಗಾಲ ಪೂರ್ತಿ ನಾನು ನನಗಾಗಿ ಆಡಿಕೊಂಡ ಮಾತು ಅದು. ಅವರ ಬಾಯಲ್ಲಿ ಕೇಳುವವರೆಗೂ, ಆ ಬಸ್ಸು ನನ್ನೊಬ್ಬಳಿಗೇ ಎಂದುಕೊಂಡಿದ್ದೆ. ಹೂಂ ಎಂದೆ. ಬಸ್ಸು ಹೊರಟಿತು, ಅವರು ಕಂಬಿ ಬಿಟ್ಟರು. ತೊಡೆಯ ಮೇಲೆ ಡಬ್ಬಿ ಬಿಸಿಯಾಗಿತ್ತು. ಹೊಸದುರ್ಗ ಬರುವಷ್ಟರಲ್ಲಿ ತಣ್ಣಗಾಯಿತು.